ಹಳೆಯ ಮೋಟಾರಿನ ಮಂಕು ದೀಪ



ಈ ಸಂಜೆ ನಾನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಲಿರುವ ವಿಷಯ ಬಹು ಚಿಕ್ಕದು. ಹಳೆಯ ಮೋಟಾರು ಗಾಡಿಯ ಹೆಡ್‌ಲೈಟು ಮಂಕಾದರೆ ಅದರ ಕಾರಣವನ್ನು ಹೇಗೆ ಹುಡುಕಬೇಕು ಎಂಬುದಷ್ಟೇ ಅದರ ವ್ಯಾಪ್ತಿ. ‘ಇದು ಮೆಕ್ಯಾನಿಕರಿಗೆ ಸೇರಿದ ಕೆಲಸ, ಓದುಬರಹದವರಾದ ನಮಗೇಕೆ?’ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿಕೊಂಡಿದ್ದವನು. ಆ ಎಣಿಕೆ ತಪ್ಪೆಂದು ತಿಳಿದದ್ದು ಬಾದಾಮಿಯ ಕಡೆಯಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ, ಒಂದು ಕತ್ತಲೆಯ ರಾತ್ರಿ.

ಬಾದಾಮಿಯ ಸಮೀಪದ ಬನಶಂಕರಿಯ ಜಾತ್ರೆಯನ್ನು ತಮ್ಮಲ್ಲಿ ಹಲವರು ಬಲ್ಲಿರಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆಯೂ ಜಾತ್ರೆ ವಾರಗಟ್ಟಲೆ ನಿಲ್ಲುತ್ತದೆ. ನಾಟಕದ ಕಂಪನಿಗಳು ಡೇರೆ ಹೊಡೆದು ಇರುಳೆಲ್ಲ ಆಟ ಆಡುತ್ತವೆ. ಅಂಥದೊಂದು ಆಟವನ್ನು ನೋಡಿಕೊಂಡು, ಇಳಕಲ್ಲಿನಲ್ಲಿರುವ ತಂಗಿಯ ಮನೆಗೆ ನಾನು ಹೊರಟಿದ್ದೆ. ಹುಣ್ಣಿಮೆ ಕಳೆದು ಹನ್ನೆರಡು ದಿನಗಳಾಗಿದ್ದುದರಿಂದ ಆಕಾಶದಲ್ಲಿ ಚಂದ್ರನ ಸುಳಿವಿರಲಿಲ್ಲ. ಗಾಡಿ ನನ್ನ ಹಳೆಯ ಅಂಬಾಸಡರ್. ಉತ್ತರಪಾಡಾದ ಕಾರ್ಖಾನೆಯಲ್ಲಿ ೨೦೧೪ರಲ್ಲಿ ತಯಾರಿಕೆ ನಿಂತುಹೋದ ಈ ಗಾಡಿಯನ್ನು ನಮ್ಮ ಕಡೆ ಇನ್ನೂ ಪ್ರೀತಿಯಿಂದ ಇಟ್ಟುಕೊಂಡವರುಂಟು, ನಾನೂ ಅವರಲ್ಲೊಬ್ಬ. ಪಕ್ಕದ ಆಸನದಲ್ಲಿ ತಂಗಿಯ ನೆರೆಮನೆಯವರಾದ ವೃದ್ಧ ನೇಕಾರರೊಬ್ಬರು ಕುಳಿತಿದ್ದರು. ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುವುದು.

ಬಾದಾಮಿಯನ್ನು ದಾಟಿದಾಗಲೇ ಬೆಳಕು ಸಾಲದೆಂದು ನನಗೆ ತೋರಿತ್ತು. ಇದೇನೂ ಹೊಸದಲ್ಲ. ಕೆಲವು ತಿಂಗಳುಗಳಿಂದ ದೀಪ ಮಂಕಾಗುತ್ತಲೇ ಬಂದಿತ್ತು. ಒಂದು ಗ್ಯಾರೇಜಿನಲ್ಲಿ ಎರಡು ಬಾರಿ ಬಲ್ಬನ್ನು ಬದಲಾಯಿಸಿದ್ದರು. ಮೂರನೆಯ ಬಾರಿ ‘ದೊಡ್ಡ ವ್ಯಾಟಿನದು ಹಾಕೋಣ’ ಎಂದು ಹೆಚ್ಚು ಶಕ್ತಿಯ ಬಲ್ಬುಗಳನ್ನೇ ಹಾಕಿದ್ದರು. ಒಂದು ವಾರ ಬೆಳಕು ಚೆನ್ನಾಗಿತ್ತು. ಆಮೇಲೆ ಮೊದಲಿಗಿಂತಲೂ ಕಡಿಮೆಯಾಯಿತು. ಗುಳೇದಗುಡ್ಡ ಹಿಂದೆ ಉಳಿದು ಕಮತಗಿಯ ಕಡೆಗೆ ಸಾಗುತ್ತಿದ್ದಾಗ ಕಾಕಾ, ‘ದೀಪ ಭಾಳ ಸಣ್ಣ ಆಗೇತಿ ನೋಡ ತಮ್ಮಾ, ಹಗೂರಕ ಹೋಗು’ ಎಂದರು. ನಾನು ವೇಗವನ್ನು ಇಳಿಸಿದೆ. ಆ ಮಾತೇ ಒಂದು ಜೀವವನ್ನು ಉಳಿಸಿತು ಎನ್ನಬೇಕು. ತಿರುವು ಕಳೆದೊಡನೆ ರಸ್ತೆಯ ನಡುವೆಯೇ ಕಬ್ಬು ಹೇರಿದ ಟ್ರ್ಯಾಕ್ಟರು ಟ್ರೇಲರು ನಿಂತಿತ್ತು. ಅದಕ್ಕೆ ಹಿಂದೀಪವೂ ಇರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಪಂಕ್ಚರಾದ ಚಕ್ರದ ಬಳಿ ಒಬ್ಬ ಹುಡುಗ ಬಗ್ಗಿ ಕುಳಿತಿದ್ದ. ನಾನು ಬ್ರೇಕನ್ನು ಒತ್ತಿ ಗಾಡಿಯನ್ನು ಬಲಕ್ಕೆ ಎಳೆದೆ. ಅದು ನಿಂತಾಗ ಅವನಿಗೂ ಬಂಪರಿಗೂ ನಡುವೆ ಒಂದು ಮಾರು ಅಂತರವಿತ್ತು. ಅವನು ಎದ್ದು ನಿಂತು, ಏನೂ ಬಯ್ಯದೆ, ‘ಸ್ವಲ್ಪದರಾಗ ಉಳದ್ನಿರೀ ಯಣ್ಣಾ’ ಎಂದ. ಬಯ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ೧೬ ಮೀಟರಿಗೂ ಮೀರಿ ಸಾಗುತ್ತದೆ. ಅಡ್ಡವಾದದ್ದನ್ನು ಕಣ್ಣು ಕಂಡು, ಬುದ್ಧಿ ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯಿತೆಂದರೆ ಅಷ್ಟರಲ್ಲೇ ೨೫ ಮೀಟರು ಮುಗಿದುಹೋಯಿತು. ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ನಿಲ್ಲುವುದಕ್ಕೆ ಮತ್ತೆ ೨೦ ಮೀಟರಿಗೆ ಕಡಿಮೆಯಿಲ್ಲದಷ್ಟು ದೂರ ಬೇಕು. ಹಳೆಯ ಡ್ರಮ್ ಬ್ರೇಕಿನ ಗಾಡಿಗೆ ಇನ್ನೂ ಹೆಚ್ಚು. ದೀಪವು ೩೦ ಮೀಟರಿನವರೆಗೆ ಮಾತ್ರ ತೋರಿಸುತ್ತಿದ್ದರೆ, ಚಾಲಕನು ಎಷ್ಟೇ ಜಾಣನಾಗಿರಲಿ, ತಾನು ಕಾಣದ ನೆಲದ ಮೇಲೆ ಗಾಡಿಯನ್ನು ಓಡಿಸುತ್ತಿದ್ದಾನೆ ಎಂದೇ ಅರ್ಥ. ಆದಕಾರಣ ಮಂಕು ದೀಪವನ್ನು ಅನುಕೂಲದ ಕೊರತೆಯೆಂದು ಎಣಿಸದೆ, ಕೆಟ್ಟ ಬ್ರೇಕಿಗೆ ಸಮನಾದ ದೋಷವೆಂದೇ ಎಣಿಸತಕ್ಕದ್ದು.

ಅಲ್ಲಿಂದ ಮುಂದೆ ಎತ್ತಿನ ಗಾಡಿಯ ನಡಿಗೆಯಲ್ಲಿ ಸಾಗಿದೆವು. ಅಮೀನಗಡವನ್ನು ದಾಟಿ ಹುನಗುಂದಕ್ಕೆ ಬಂದು, ಬೀದಿದೀಪದ ಕೆಳಗೆ ಗಾಡಿಯನ್ನು ನಿಲ್ಲಿಸಿ ಮುಂದೆ ಹೋಗಿ ನೋಡಿದೆ. ಎಡಗಡೆಯ ದೀಪ ಹಾಗೂ ಹೀಗೂ ಉರಿಯುತ್ತಿತ್ತು. ಬಲಗಡೆಯದು ಕೆಂಪಗೆ ಕೆಂಡದಂತಿತ್ತು. ಸಿಟ್ಟಿನಿಂದ ಅದರ ಚೌಕಟ್ಟಿಗೆ ಅಂಗೈಯಿಂದ ಒಂದು ಏಟು ಕೊಟ್ಟೆ. ಒಂದು ಕ್ಷಣ ಅದು ಬೆಳ್ಳಗೆ ಹೊಳೆದು ಮತ್ತೆ ಮಂಕಾಯಿತು. ಬಲ್ಬೇ ಕೆಟ್ಟಿದ್ದರೆ ಏಟಿಗೆ ಅದು ಸರಿಹೋಗುವುದೆಂತು? ಎಲ್ಲಿಯೋ ಒಂದು ಸಂದು ಸಡಿಲವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮತ್ತೊಂದು ಸಂಗತಿಯೂ ಆಗ ನೆನಪಿಗೆ ಬಂತು. ಹೈಬೀಮನ್ನು ಸೂಚಿಸುವ ಪುಟ್ಟ ದೀಪವೊಂದು ಚಾಲಕನ ಎದುರಿಗೆ ಇರುತ್ತದೆಯಷ್ಟೆ. ಡಿಮ್ಮಿನಲ್ಲಿ ಹೋಗುವಾಗ ಅದು ಆರಿರಬೇಕು. ನನ್ನ ಗಾಡಿಯಲ್ಲಿಯೋ, ಗುಂಡಿಯಲ್ಲಿ ಚಕ್ರ ಬಿದ್ದಾಗಲೆಲ್ಲ, ಡಿಮ್ಮಿನಲ್ಲಿದ್ದರೂ ಅದು ಮಿಣುಕುತ್ತಿತ್ತು. ತಿಂಗಳುಗಟ್ಟಲೆ ಅದನ್ನು ನೋಡಿದ್ದೆ, ನೋಡಿಯೂ ಯೋಚಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ಇಳಕಲ್ಲಿನಲ್ಲಿ ಕಾಕಾ ತಮ್ಮ ಮಗ್ಗದ ಬಳಿಗೆ ನನ್ನನ್ನು ಕರೆದರು. ಇಳಕಲ್ ಸೀರೆಯ ವೈಶಿಷ್ಟ್ಯ ಅದರ ಸೆರಗಿನಲ್ಲಿದೆ. ಮೈಯ ಹಾಸಿನ ಎಳೆಗಳೇ ಬೇರೆ, ಸೆರಗಿನ ಹಾಸಿನ ಎಳೆಗಳೇ ಬೇರೆ. ಎರಡನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಿದ ಮೇಲೆಯೇ ಸೆರಗಿನ ನೇಯ್ಗೆ ನಡೆಯತಕ್ಕದ್ದು. ಆ ಕೂಡಿಕೆಯನ್ನು ಬೆರಳಿನಿಂದ ತೋರಿಸುತ್ತ ಅವರು, ‘ಎಳಿ ಎಷ್ಟ ಗಟ್ಟಿ ಇದ್ರ ಏನ್ ತಮ್ಮಾ, ಕೂಡ್ಸಿದ ಜಾಗಾ ಸಡ್ಲಿದ್ರ ಸೆರಗ ನಿಲ್ಲೂದಿಲ್ಲ. ನಾವು ಮೊದ್ಲ ಅದನ್ನ ನೋಡ್ತೀವಿ’ ಎಂದರು. ವಿದ್ಯುಚ್ಛಾಸ್ತ್ರದ ಒಂದು ಅಕ್ಷರವನ್ನೂ ಓದದ ಆ ಹಿರಿಯರು ನನ್ನ ಗಾಡಿಯ ರೋಗವನ್ನು ಸರಿಯಾಗಿಯೇ ಹೇಳಿದ್ದರು.

ಈಗ ಶಾಸ್ತ್ರವನ್ನು ಸ್ವಲ್ಪ ನೋಡೋಣ. ಮೋಟಾರಿನ ಬಾಲ್ಯದಲ್ಲಿ ಅನೇಕ ಗಾಡಿಗಳ ದೀಪ ಉರಿಯುತ್ತಿದ್ದುದು ಅಸಿಟಿಲೀನ್ ಅನಿಲದಿಂದ. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಆ ಅನಿಲ ಹುಟ್ಟುತ್ತಿತ್ತು. ದೀಪ ಮಂಕಾದರೆ ಕಾರಣವನ್ನು ದೀಪದ ಸಮೀಪದಲ್ಲಿಯೇ ಕಾಣಬಹುದಾಗಿತ್ತು. ೧೯೧೨ರ ಕ್ಯಾಡಿಲ್ಯಾಕ್ ಗಾಡಿಯು ವಿದ್ಯುತ್ತಿನಿಂದ ಎಂಜಿನನ್ನು ಚಾಲೂ ಮಾಡುವ ಮತ್ತು ದೀಪವನ್ನು ಬೆಳಗಿಸುವ ಏರ್ಪಾಡುಗಳನ್ನು ಒಟ್ಟಾಗಿ ತಂದಿತು. ಮುಂದೆ ಎಲ್ಲ ಗಾಡಿಗಳೂ ಆ ಹಾದಿಯನ್ನೇ ಹಿಡಿದವು. ಅಂದಿನಿಂದ ಬೆಳಕಿನ ಮೂಲವು ದೀಪದಿಂದ ದೂರವಾಯಿತು. ಬ್ಯಾಟರಿಯಿಂದ ಹೊರಟ ಪ್ರವಾಹ ಸ್ವಿಚ್ಚು, ಡಿಪ್ಪರು, ಹೋಲ್ಡರುಗಳನ್ನು ಹಾದು ಬಲ್ಬನ್ನು ಸೇರುತ್ತದೆ. ಅಲ್ಲಿಗೆ ಅದರ ಪ್ರಯಾಣ ಮುಗಿಯಲಿಲ್ಲ. ಅದು ಬ್ಯಾಟರಿಗೆ ಹಿಂದಿರುಗಲೇಬೇಕು. ಹಿಂದಿರುಗುವುದಕ್ಕೆ ಬೇರೊಂದು ಉದ್ದ ತಂತಿಯನ್ನು ಎಳೆಯದೆ ಗಾಡಿಯ ಕಬ್ಬಿಣದ ಮೈಯನ್ನೇ ದಾರಿಯಾಗಿ ಬಳಸುತ್ತಾರೆ. ಇದನ್ನೇ ನಮ್ಮ ಮೆಕ್ಯಾನಿಕರು ಅರ್ಥಿಂಗ್ ಎನ್ನುವುದು. ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಬರುವ ದಾರಿಯನ್ನು ನೋಡುವವರು ಕಡಿಮೆ. ಹಳೆಯ ಗಾಡಿಗಳಲ್ಲಿ ದೋಷವು ಬಹಳ ಸಲ ಅಡಗಿರುವುದು ಈ ಬರುವ ದಾರಿಯಲ್ಲಿಯೇ.

ಜರ್ಮನ್ ವಿಜ್ಞಾನಿ ಓಮ್ ೧೮೨೭ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ನಮ್ಮ ದಾರಿದೀಪ. ಪ್ರವಾಹವನ್ನು ತಡೆಯಿಂದ ಗುಣಿಸಿದರೆ ಆ ತಡೆಯಲ್ಲಿ ನಷ್ಟವಾಗುವ ವೋಲ್ಟು ದೊರೆಯುತ್ತದೆ. ಸಾಮಾನ್ಯವಾದ ಎಚ್-೪ ಹ್ಯಾಲೊಜೆನ್ ಬಲ್ಬಿನಲ್ಲಿ ಎರಡು ತಂತುಗಳು: ಹೈಬೀಮಿಗೆ ೬೦ ವ್ಯಾಟು, ಡಿಮ್ಮಿಗೆ ೫೫ ವ್ಯಾಟು. ಎರಡು ದೀಪಗಳ ಹೈಬೀಮು ಸೇರಿ ೧೨ ವೋಲ್ಟಿನಲ್ಲಿ ೧೦ ಆಂಪಿಯರ್ ಪ್ರವಾಹವಾಯಿತು. ಎರಡಕ್ಕೂ ಸೇರಿದ ದಾರಿಯಲ್ಲಿ ತುಕ್ಕು ಹಿಡಿದ ಸಂದೊಂದು ಓಮಿನ ಹತ್ತನೆಯ ಒಂದು ಪಾಲಿನಷ್ಟು ತಡೆಯನ್ನು ಒಡ್ಡಿದರೆ ಸಾಕು, ಒಂದು ವೋಲ್ಟು ಅಲ್ಲಿಯೇ ಕರಗಿತು. ಹತ್ತು ವ್ಯಾಟಿನ ಶಾಖ ಅಲ್ಲಿಯೇ ಹುಟ್ಟಿತು. ಆ ಶಾಖದಿಂದ ಸಂದು ಮತ್ತಷ್ಟು ಕೆಡುತ್ತದೆ; ಕೆಟ್ಟಷ್ಟೂ ಶಾಖ ಹೆಚ್ಚುತ್ತದೆ.

‘ಹನ್ನೆರಡರಲ್ಲಿ ಒಂದು ಹೋದರೇನು?’ ಎಂದು ಕೇಳಬಹುದು. ತಂತುವಿನ ದೀಪದ ಸ್ವಭಾವವೇ ವಿಚಿತ್ರ. ಅದರ ಬೆಳಕು ವೋಲ್ಟಿಗೆ ಸಮನಾಗಿ ಇಳಿಯುವುದಿಲ್ಲ. ಸುಮಾರು ವೋಲ್ಟಿನ ಮೂರೂವರೆ ಘಾತದಷ್ಟು ವೇಗವಾಗಿ ಇಳಿಯುತ್ತದೆ. ವೋಲ್ಟು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗುತ್ತದೆ. ವೋಲ್ಟು ನೂರಕ್ಕೆ ಇಪ್ಪತ್ತು ಕುಸಿದರೆ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಉಳಿದ ಬೆಳಕೂ ಕೆಂಪಗಾಗುತ್ತದೆ. ದೀಪ ಕೆಂಪಗಾಯಿತೆಂದರೆ ‘ನನಗೆ ತಕ್ಕ ವೋಲ್ಟು ಬರುತ್ತಿಲ್ಲ’ ಎಂದು ಅದೇ ಹೇಳುತ್ತಿದೆ ಎಂದು ತಿಳಿಯಬೇಕು.

ಆದುದರಿಂದ ಕೈಯಲ್ಲಿ ಸ್ಪ್ಯಾನರನ್ನು ಹಿಡಿಯುವ ಮುನ್ನ ಕಣ್ಣಿನಿಂದ ಲಕ್ಷಣಗಳನ್ನು ಓದಿಕೊಳ್ಳಬೇಕು. ಎರಡು ದೀಪಗಳೂ ಹೈಬೀಮು ಡಿಮ್ಮು ಎರಡರಲ್ಲಿಯೂ ಒಟ್ಟಿಗೆ ಆರಿದರೆ ದೋಷ ಇಬ್ಬರಿಗೂ ಸೇರಿದ ದಾರಿಯಲ್ಲಿದೆ: ಬ್ಯಾಟರಿಯಿಂದ ಬರುವ ತಂತಿ, ಫ್ಯೂಸು ಅಥವಾ ಸ್ವಿಚ್ಚು. ಎರಡರಲ್ಲಿಯೂ ಡಿಮ್ಮು ಮಾತ್ರ ಹೋಗಿ ಹೈಬೀಮು ಉರಿಯುತ್ತಿದ್ದರೆ ಮೊದಲು ಡಿಪ್ಪರನ್ನು ಸಂಶಯಿಸಬೇಕು. ಎರಡು ತಂತುಗಳು ಒಂದೇ ಗಳಿಗೆಯಲ್ಲಿ ಕಡಿಯುವುದು ಅಪೂರ್ವ. ಕಾಲಿನಿಂದ ಒತ್ತುವ ಡಿಪ್ಪರುಳ್ಳ ಹಳೆಯ ಗಾಡಿಗಳಲ್ಲಿ ಚಪ್ಪಲಿಯ ಕೆಸರು, ಮಳೆಯ ನೀರು ಅದನ್ನು ಬೇಗ ಕೆಡಿಸುತ್ತವೆ. ಒಂದೇ ದೀಪದ ಒಂದೇ ತಂತು ಹೋದರೆ ಆ ಬಲ್ಬು ಅಥವಾ ಅದರ ಹೋಲ್ಡರು ಕಾರಣ. ಒಂದೇ ದೀಪ ಪೂರ್ತಿ ಮಂಕಾದರೆ ಅದರ ಅರ್ಥಿಂಗಿನ ಕಡೆಗೆ ತಿರುಗಬೇಕು.

ಎರಡೂ ಮಂಕಾಗಿದ್ದು, ಎಂಜಿನಿನ ವೇಗ ಹೆಚ್ಚಿಸಿದಾಗ ಬೆಳಕು ಏರಿದರೆ ಬ್ಯಾಟರಿ ದುರ್ಬಲವಾಗಿದೆ, ಅಥವಾ ಡೈನಮೊ ಇಲ್ಲವೆ ಆಲ್ಟರ್ನೇಟರು ಸಾಕಷ್ಟು ವಿದ್ಯುತ್ತನ್ನು ಕೊಡುತ್ತಿಲ್ಲ. ವೇಗ ಹೆಚ್ಚಿಸಿದರೂ ಮಂಕಾಗಿಯೇ ಇದ್ದರೆ ತಡೆಯು ದಾರಿಯಲ್ಲಿದೆ. ಗುಂಡಿಯಲ್ಲಿ ಬಿದ್ದಾಗ ಮಿಣುಕಿದರೆ ಸಂದು ಸಡಿಲ. ಸ್ವಲ್ಪ ಹೊತ್ತು ಉರಿದು ಆರಿ, ತಣ್ಣಗಾದ ಮೇಲೆ ಮತ್ತೆ ಉರಿದರೆ ಸ್ವಿಚ್ಚು ಕಾಯುತ್ತಿರಬಹುದು. ಇನ್ನು ನನ್ನ ಗಾಡಿಯಂತೆ ಡಿಮ್ಮಿನಲ್ಲಿರುವಾಗ ಹೈಬೀಮಿನ ಸೂಚಕ ಮಿಣುಕಿದರೆ ಅದರ ಅರ್ಥ ಸ್ಪಷ್ಟ: ಹಿಂದಿರುಗುವ ದಾರಿ ಮುಚ್ಚಿಹೋದ ಪ್ರವಾಹವು ಅದೇ ಬಲ್ಬಿನ ಇನ್ನೊಂದು ತಂತುವನ್ನು ಹೊಕ್ಕು, ಹೈಬೀಮಿನ ತಂತಿಯಲ್ಲಿ ಹಿಮ್ಮುಖವಾಗಿ ಹರಿದು, ಸೂಚಕದ ದೀಪವನ್ನೂ ಮತ್ತೊಂದು ಹೆಡ್‌ಲೈಟನ್ನೂ ಹಾದು ಮನೆ ಸೇರಲು ಯತ್ನಿಸುತ್ತಿದೆ. ಹೆದ್ದಾರಿ ಮುಚ್ಚಿದಾಗ ಜನರು ಹೊಲದ ಬದುವಿನ ಮೇಲೆ ನಡೆಯುವುದಿಲ್ಲವೆ, ಹಾಗೆ.

ಬಾಗಲಕೋಟೆಗೆ ಮರಳಿದ ಮೇಲೆ ಗಾಡಿಯನ್ನು ನಾನೇ ಪರೀಕ್ಷಿಸಲು ನಿಶ್ಚಯಿಸಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಸೇರಿದ ಮೇಲೆ ಕಟ್ಟಿದ ನವನಗರದಲ್ಲಿ ನಮ್ಮ ಮನೆ, ಅಂಗಳ ವಿಶಾಲವಾಗಿದೆ. ಭೌತಶಾಸ್ತ್ರವನ್ನು ಪಾಠ ಹೇಳುವ ಮಿತ್ರರು ತಮ್ಮ ಮಲ್ಟಿಮೀಟರನ್ನು ಹಿಡಿದು ಬಂದರು. ಮೊದಲು ದೊಡ್ಡ ವ್ಯಾಟಿನ ಬಲ್ಬುಗಳನ್ನು ಕಿತ್ತು ೬೦/೫೫ರ ಬಲ್ಬುಗಳನ್ನೇ ಹಾಕಿದೆವು. ಆಮೇಲೆ ಬ್ಯಾಟರಿಯನ್ನು ನೋಡಿದೆವು. ಅದರ ಕೊಂಬುಗಳ ಮೇಲೆ ಬೆಳೆದಿದ್ದ ಬಿಳಿಯ ಹಸಿರಿನ ಹುಡಿಯನ್ನು ಅಡುಗೆ ಸೋಡಾ ಕದಡಿದ ಬಿಸಿನೀರಿನಿಂದ, ಆ ನೀರು ಬ್ಯಾಟರಿಯ ಒಳಗೆ ಹೋಗದಂತೆ ತೊಳೆದು, ಒರೆಸಿ, ಬಿಗಿದು ವ್ಯಾಸಲೀನನ್ನು ಸವರಿದೆವು. ತುಂಬಿದ ಆರೋಗ್ಯವಂತ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು ೧೨.೬ ವೋಲ್ಟನ್ನು ತೋರಿಸಬೇಕು. ಎಂಜಿನು ತಕ್ಕ ವೇಗದಲ್ಲಿ ಓಡುವಾಗ ಸುಮಾರು ೧೩.೮ರಿಂದ ೧೪.೪ರವರೆಗೆ ಏರಬೇಕು. ನಮ್ಮದು ಎಂಜಿನು ಓಡುವಾಗ ೧೩.೮ ತೋರಿಸಿತು. ಆದ್ದರಿಂದ ಮೂಲ ಶುದ್ಧವಾಗಿದೆ ಎಂದಾಯಿತು.

ಇಲ್ಲಿ ಒಂದು ಮೋಸವಿದೆ. ಗ್ಯಾರೇಜಿನವರು ಅನೇಕರು ಎಡವುವುದೂ ಇಲ್ಲಿಯೇ. ಬಲ್ಬಿನ ಹೋಲ್ಡರನ್ನು ಕಳಚಿ ಮೀಟರನ್ನು ಇಟ್ಟರೆ ಪೂರ್ತಿ ವೋಲ್ಟು ಕಾಣಿಸುತ್ತದೆ. ‘ಕರೆಂಟು ಬರುತ್ತಿದೆ, ಬಲ್ಬೇ ಕೆಟ್ಟಿದೆ’ ಎನ್ನುತ್ತಾರೆ. ಮೀಟರು ಎಳೆದುಕೊಳ್ಳುವ ಪ್ರವಾಹ ಅತ್ಯಲ್ಪ. ಅಷ್ಟನ್ನು ಒಂದೇ ಎಳೆ ಉಳಿದ ತಂತಿಯೂ ಸಾಗಿಸಬಲ್ಲದು. ಖಾಲಿ ಬಂಡಿಯನ್ನು ಹಾಯಿಸಿ ಸೇತುವೆ ಗಟ್ಟಿಯಾಗಿದೆ ಎಂದಂತೆ ಇದು. ಆದಕಾರಣ ಹೋಲ್ಡರನ್ನು ಕಳಚದೆ, ದೀಪ ಉರಿಯುತ್ತಿರುವಾಗಲೇ, ಹೋಲ್ಡರಿನ ಹಿಂದಿನಿಂದ ಮೀಟರಿನ ಮೊನೆಗಳನ್ನು ಮುಟ್ಟಿಸಿ ಅಳೆಯಬೇಕು.

ಹಾಗೆ ಡಿಮ್ಮಿನಲ್ಲಿ ಅಳೆದಾಗ ಎಡದ ಬಲ್ಬಿಗೆ ೧೨.೬ ವೋಲ್ಟೂ ಬಲದ ಬಲ್ಬಿಗೆ ಕೇವಲ ೧೧.೧ ವೋಲ್ಟೂ ದೊರೆಯುತ್ತಿತ್ತು. ಉಳಿದದ್ದು ಎಲ್ಲಿ ಹೋಯಿತು? ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ಧ್ರುವಕ್ಕೂ ಇನ್ನೊಂದನ್ನು ಬಲ್ಬಿಗೆ ವಿದ್ಯುತ್ತು ಬರುವ ತುದಿಗೂ ಇಟ್ಟರೆ ಹೋಗುವ ದಾರಿಯ ನಷ್ಟ ನೇರವಾಗಿ ಕಾಣುತ್ತದೆ. ಅದು ಎರಡು ದೀಪಗಳಿಗೂ ೦.೯ ವೋಲ್ಟು. ಬಳಿಕ ಒಂದು ಮೊನೆಯನ್ನು ಋಣ ಧ್ರುವಕ್ಕೂ ಇನ್ನೊಂದನ್ನು ಬಲ್ಬಿನ ಅರ್ಥಿಂಗ್ ತುದಿಗೂ ಇಟ್ಟೆವು. ಎಡಕ್ಕೆ ೦.೩ ವೋಲ್ಟು; ಬಲಕ್ಕೆ ೧.೮ ವೋಲ್ಟು! ಲೆಕ್ಕ ಸರಿಹೋಯಿತು, ಕಳ್ಳ ಸಿಕ್ಕಿದ. ಒಟ್ಟು ನಷ್ಟವು ಅರ್ಧ ವೋಲ್ಟಿನೊಳಗೆ ಇದ್ದರೆ ಒಳ್ಳೆಯದು. ನನ್ನ ಬಲದ ದೀಪದಲ್ಲಿ ಅದು ೨.೭ ಆಗಿತ್ತು. ಪೂರ್ತಿ ವೋಲ್ಟು ತಲುಪಿದ್ದರೆ ದೊರೆಯಬಹುದಾಗಿದ್ದ ಬೆಳಕಿನ ಅರ್ಧವೂ ಅದರಿಂದ ಬರುತ್ತಿರಲಿಲ್ಲ. ಕೆಲವು ಹಳೆಯ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಧನ ಧ್ರುವವನ್ನೇ ಮೈಗೆ ಕೂಡಿಸಿರುತ್ತಾರೆ. ಅಂಥ ಗಾಡಿಯಲ್ಲಿ ಮೊನೆಗಳನ್ನು ಅದಲುಬದಲು ಮಾಡಿಕೊಂಡರೆ ಇದೇ ವಿಧಾನ ಸಲ್ಲುತ್ತದೆ.

ಬಲದ ದೀಪದ ಕಪ್ಪು ತಂತಿಯನ್ನು ಹಿಂಬಾಲಿಸಿ ಹೋದಾಗ ಅದು ಒಳಗಿನ ತಗಡಿಗೆ ಒಂದು ಸ್ಕ್ರೂವಿನಿಂದ ಕೂಡಿತ್ತು. ಸ್ಕ್ರೂವನ್ನು ಬಿಚ್ಚಿದೆವು. ಅದರ ಕೆಳಗೆ ಹೊಳೆಯುವ ಹೊಸ ಬಣ್ಣ! ಬಣ್ಣವು ವಿದ್ಯುತ್ತನ್ನು ಸಾಗಿಸುವುದಿಲ್ಲ. ಸ್ಕ್ರೂವಿನ ಹಲ್ಲುಗಳಲ್ಲಿ ಉಳಿದಿದ್ದ ಚೂರುಪಾರು ಲೋಹದ ಸ್ಪರ್ಶದಿಂದಲೇ ಇಷ್ಟು ದಿನ ಪ್ರವಾಹ ನುಸುಳುತ್ತಿತ್ತು. ಕೆಂಪು ಧೂಳು, ಮಳೆಗಾಲದ ತೇವ ಸೇರಿ ಅದಕ್ಕೂ ತುಕ್ಕು ಹಿಡಿದಿತ್ತು. ಈ ಬಣ್ಣ ಎಲ್ಲಿಂದ ಬಂತು? ತಂಗಿಯ ಮಗಳ ಮದುವೆಯಲ್ಲಿ ಗಾಡಿ ಚೆನ್ನಾಗಿ ಕಾಣಲಿ ಎಂದು, ಹಿಂದಿನ ಬೇಸಗೆಯಲ್ಲಿ ನಾನೇ ಒಳಹೊರಗೆ ಬಣ್ಣ ಹೊಡೆಸಿದ್ದೆ. ಬೇಗ ಮುಗಿಸಿರೆಂದು ಅವಸರಪಡಿಸಿದವನೂ ನಾನೇ. ಬಲ್ಬುಗಳನ್ನು ದೂರಿದೆ, ಗ್ಯಾರೇಜನ್ನು ದೂರಿದೆ, ಕಬ್ಬಿನ ಟ್ರ್ಯಾಕ್ಟರನ್ನೂ ಮನಸ್ಸಿನಲ್ಲಿ ದೂರಿದೆ; ಮೊದಲ ತಪ್ಪು ನನ್ನ ಅಲಂಕಾರದ ಆಸೆಯದಾಗಿತ್ತು.

ಪರಿಹಾರ ಬಹು ಸುಲಭವಾಯಿತು. ಬ್ಯಾಟರಿಯ ಅರ್ಥಿಂಗ್ ತಂತಿಯನ್ನು ಮೊದಲು ಕಳಚಿ, ಸ್ಕ್ರೂವಿನ ಜಾಗವನ್ನು ಪಾಲಿಶ್ ಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿದೆವು. ಹಲ್ಲಿನ ವಾಷರನ್ನು ಹಾಕಿ ಬಿಗಿದು, ತೇವ ಸೇರದಂತೆ ಮೇಲೆ ವ್ಯಾಸಲೀನನ್ನು ಹಚ್ಚಿದೆವು. ಭದ್ರತೆಗಾಗಿ ಎರಡು ದೀಪಗಳಿಂದಲೂ ದಪ್ಪ ತಂತಿಯೊಂದನ್ನು ನೇರವಾಗಿ ಬ್ಯಾಟರಿಯ ಋಣ ಧ್ರುವಕ್ಕೆ ಎಳೆದೆವು.

ಉಳಿದದ್ದು ಹೋಗುವ ದಾರಿಯ ೦.೯ ವೋಲ್ಟು. ದಾರಿಯನ್ನು ಅರ್ಧ ಅರ್ಧವಾಗಿ ಅಳೆಯುತ್ತ ಹೋದರೆ ನಷ್ಟದ ಜಾಗ ತಾನಾಗಿ ತಿಳಿಯುತ್ತದೆ: ಬ್ಯಾಟರಿಯಿಂದ ಸ್ವಿಚ್ಚಿನವರೆಗೆ, ಸ್ವಿಚ್ಚಿನಿಂದ ಡಿಪ್ಪರಿನವರೆಗೆ, ಅಲ್ಲಿಂದ ದೀಪದವರೆಗೆ. ನಮ್ಮಲ್ಲಿ ಅದರ ಬಹುಭಾಗ ಸ್ವಿಚ್ಚಿನಲ್ಲಿತ್ತು. ದೊಡ್ಡ ವ್ಯಾಟಿನ ಬಲ್ಬುಗಳು ಹೆಚ್ಚು ಪ್ರವಾಹವನ್ನು ಎಳೆದು ಅದರ ಒಳಗಿನ ತಾಮ್ರವನ್ನು ಸುಟ್ಟು ಕಪ್ಪಾಗಿಸಿದ್ದವು; ಹೋಲ್ಡರಿನ ಪ್ಲಾಸ್ಟಿಕ್ಕೂ ಕರಗಿತ್ತು. ಹೊಸ ಹೋಲ್ಡರನ್ನು ಹಾಕಿ, ಹೈಬೀಮಿಗೆ ಒಂದು, ಡಿಮ್ಮಿಗೆ ಒಂದು ಎಂದು ರಿಲೇಗಳನ್ನು ಕೂಡಿಸಿದೆವು. ರಿಲೇ ಎಂಬುದು ದ್ವಾರಪಾಲಕನಿದ್ದಂತೆ. ಸ್ವಿಚ್ಚಿನ ಸಣ್ಣ ಪ್ರವಾಹ ಅದಕ್ಕೆ ಅಪ್ಪಣೆ ಕೊಡುತ್ತದೆ. ದೀಪದ ದೊಡ್ಡ ಪ್ರವಾಹ ಬ್ಯಾಟರಿಯಿಂದ ಗಿಡ್ಡ ದಾರಿಯಲ್ಲಿ ರಿಲೇಯನ್ನು ಹಾದು ದೀಪಕ್ಕೆ ಹೋಗುತ್ತದೆ. ಈ ಹೊಸ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸು ಇರಬೇಕು. ಕೆಲವು ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರುವುದಿಲ್ಲ. ಅಲ್ಲಿ ಇದು ಇನ್ನೂ ಅಗತ್ಯ. ಹಾರಿದ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಯನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ತುರುಕುವ ಅಭ್ಯಾಸ ನಮ್ಮಲ್ಲಿ ಉಂಟು. ಅದು ಗಾಡಿಗೆ ಬೆಂಕಿ ಇಟ್ಟಂತೆಯೇ. ಕೊನೆಗೆ ಅಳೆದಾಗ ಬ್ಯಾಟರಿಯಲ್ಲಿ ೧೩.೮, ದೀಪಗಳಲ್ಲಿ ೧೩.೪ ಮತ್ತು ೧೩.೩ ವೋಲ್ಟು ಬಂತು.

ಇನ್ನು ಕೆಲವು ಎಚ್ಚರಿಕೆಯ ಮಾತುಗಳು. ಬಲ್ಬನ್ನು ಬದಲಾಯಿಸುವಾಗ ಹ್ಯಾಲೊಜೆನ್ ಗಾಜನ್ನು ಬರಿ ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಕಾದು ಗಾಜು ಕೆಡುತ್ತದೆ. ಬ್ಯಾಟರಿಯ ಬಳಿ ಬೆಂಕಿಕಡ್ಡಿಯನ್ನು ಗೀಚಬಾರದು. ಅದರಿಂದ ಹೊರಡುವ ಹೈಡ್ರೊಜನ್ ಅನಿಲ ಸಿಡಿಯಬಲ್ಲದು. ಕೈಯ ಉಂಗುರ ಗಡಿಯಾರಗಳನ್ನು ತೆಗೆದಿಡುವುದು ಲೇಸು. ವೋಲ್ಟು ಸರಿಯಿದ್ದೂ ಬೆಳಕು ಸಾಲದಿದ್ದರೆ ದೀಪದ ಒಳಗಿನ ಕನ್ನಡಿಯನ್ನು ನೋಡಿರಿ; ಅದು ಕಪ್ಪಿಟ್ಟಿದ್ದರೆ ಯಾವ ಬಲ್ಬೂ ಉಪಕಾರ ಮಾಡದು. ತಂತುವಿನ ಬಲ್ಬಿಗಾಗಿ ರೂಪಿಸಿದ ಕನ್ನಡಿಯಲ್ಲಿ ಅಗ್ಗದ ಎಲ್‌ಇಡಿಯನ್ನು ಕೂಡಿಸಿದರೆ ಬೆಳಕು ದಾರಿಯ ಮೇಲೆ ಬೀಳದೆ ಎದುರಿನವನ ಕಣ್ಣಿಗೆ ಬೀಳುತ್ತದೆ. ಹೆದ್ದಾರಿಯಲ್ಲಿ ಇಳಕಲ್ಲಿನ ಗ್ರಾನೈಟಿನ ದಿಮ್ಮಿಗಳನ್ನು ಹೊತ್ತು ಬರುವ ಲಾರಿಯ ಚಾಲಕನಿಗೆ ಕಣ್ಣು ಕೋರೈಸಿದರೆ ಅಪಾಯ ಅವನೊಬ್ಬನಿಗೇ ಅಲ್ಲ. ದುರಸ್ತಿಯಾದ ಮೇಲೆ ಗಾಡಿಯನ್ನು ಸಮನೆಲದಲ್ಲಿ ಗೋಡೆಗೆ ಎದುರಾಗಿ ನಿಲ್ಲಿಸಿ, ಡಿಮ್ಮಿನ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸ್ವಲ್ಪ ಕೆಳಗಿದೆಯೇ ಎಂದು ನೋಡಿಕೊಳ್ಳಬೇಕು.

ನಡುದಾರಿಯಲ್ಲಿ ದೀಪ ಹಠಾತ್ತನೆ ಆರಿದರೆ ಗಾಬರಿಯಾಗದೆ ಮೊದಲು ಡಿಪ್ಪರನ್ನು ಬದಲಿಸಿರಿ. ಹಲವು ವೇಳೆ ಇನ್ನೊಂದು ತಂತು ಉರಿಯುತ್ತದೆ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಸೂಚಕ ದೀಪಗಳನ್ನು ಹಚ್ಚಿ, ಸ್ವಿಚ್ಚನ್ನು ನಾಲ್ಕಾರು ಸಲ ಆಡಿಸಿರಿ, ಫ್ಯೂಸನ್ನು ನೋಡಿರಿ, ಬ್ಯಾಟರಿಯ ಕೊಂಬು, ದೀಪದ ಹೋಲ್ಡರುಗಳನ್ನು ಒತ್ತಿ ನೋಡಿರಿ. ಅಷ್ಟಕ್ಕೂ ಬೆಳಗದಿದ್ದರೆ ಬೆಳಗಾಗುವವರೆಗೆ ಕಾಯುವುದೇ ವಿವೇಕ. ಬ್ಯಾಟರಿ ಟಾರ್ಚನ್ನು ಕಿಟಕಿಯಿಂದ ಚಾಚಿ ಗಾಡಿ ನಡೆಸುವ ಸಾಹಸ ಬೇಡ.

ಆ ಹುಡುಗನ ಮುಖವನ್ನು ನಾನು ಇನ್ನೂ ಮರೆತಿಲ್ಲ. ಅವನ ಟ್ರೇಲರಿಗೆ ಹಿಂದೀಪವಿರಬೇಕಾಗಿತ್ತು ಎಂಬುದು ನಿಜ; ಕಬ್ಬಿನ ಹಂಗಾಮಿನಲ್ಲಿ ಪ್ರತಿಯೊಂದು ಟ್ರೇಲರಿನ ಹಿಂದೆಯೂ ಹೊಳೆಯುವ ಪಟ್ಟಿಯನ್ನು ಹಚ್ಚಿಸುವುದು ಮಾಲೀಕರ ಹಾಗೂ ಕಾರ್ಖಾನೆಗಳ ಕರ್ತವ್ಯ. ಆದರೆ ಅವರು ತಮ್ಮ ಕರ್ತವ್ಯವನ್ನು ಮಾಡಲಿಲ್ಲವೆಂಬುದು ನನ್ನ ದೀಪ ಮಂಕಾಗಿರುವುದಕ್ಕೆ ನೆವವಾಗದು. ಮುಂದಿನ ವಾರ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ಗಾಡಿಯನ್ನು ತೆಗೆದುಕೊಂಡು ಹೋದೆ. ಆ ತಿರುವಿನಲ್ಲಿ ರಸ್ತೆಯ ಅಂಚಿನ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ತಮ್ಮ ಮನೆಯಲ್ಲಿ ಹಳೆಯ ಗಾಡಿಯಿದ್ದರೆ ಇಂದು ರಾತ್ರಿಯೇ ಅದನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ದೀಪವನ್ನು ಹಚ್ಚಿ ನೋಡಿರಿ. ಬೆಳಕು ಕೆಂಪಗಿದ್ದರೆ ಬಲ್ಬಿನ ಅಂಗಡಿಗೆ ಓಡುವ ಮುನ್ನ, ಕಾಕಾ ಹೇಳಿದಂತೆ, ಕೂಡಿಸಿದ ಜಾಗವನ್ನು ಮೊದಲು ನೋಡಿರಿ.